ಚುನಾವಣೆಗೆ ಹೊರದೇಶದ ನೆರವು: ಕೋಲಾರ ಜಿಲ್ಲೆಯ ಅಭ್ಯರ್ಥಿಗಳೂ ಮತದಾರರೂ ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರದಲ್ಲಿ ವಕೀಲಿಕೆ ಮಾಡುತ್ತ, ಚುನಾವಣೆ ಬಂದಾಗಲೆಲ್ಲ ಅಭ್ಯರ್ಥಿಗಳ ನಾಮಪತ್ರ, ಅಫಿಡವಿಟ್ ಮತ್ತು ವೆಚ್ಚದ ಲೆಕ್ಕಗಳನ್ನು ನೋಡಿಕೊಡುತ್ತ ಬಂದವನು ನಾನು. ಹಿಂದೆ ಅಪರೂಪಕ್ಕೆ ಕೇಳಿಬರುತ್ತಿದ್ದ ಒಂದು ಪ್ರಶ್ನೆ ಈಗ ಪ್ರತಿ ಚುನಾವಣೆಯಲ್ಲೂ ಹತ್ತಾರು ಬಾಯಿಗಳಿಂದ ಬರುತ್ತಿದೆ. ಹೊರದೇಶದಲ್ಲಿರುವ ನೆಂಟರು, ಸ್ನೇಹಿತರು ಅಥವಾ ಕಂಪನಿಗಳು ಪ್ರಚಾರಕ್ಕೆ ನೆರವಾಗಬಹುದೇ ಎಂಬುದೇ ಆ ಪ್ರಶ್ನೆ. ಇದು ಹೆಚ್ಚಾಗುತ್ತಿರುವುದಕ್ಕೆ ಕಾರಣಗಳು ನಮ್ಮ ಕಣ್ಣೆದುರಿಗೇ ಇವೆ. ಕೆಜಿಎಫ್‌ನ ಚಿನ್ನದ ಗಣಿ 2001ರಲ್ಲಿ ಮುಚ್ಚುವುದಕ್ಕೆ ಬಹಳ ಮೊದಲೇ ಅಲ್ಲಿಂದ ಅನೇಕ ಆಂಗ್ಲೋ ಇಂಡಿಯನ್ ಕುಟುಂಬಗಳು ಆಸ್ಟ್ರೇಲಿಯಾ ಮತ್ತು ಇಂಗ್ಲೆಂಡ್ ಸೇರಿದ್ದವು. ಈಚಿನ ವರ್ಷಗಳಲ್ಲಿ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳ ಮಕ್ಕಳೂ ಬೆಂಗಳೂರನ್ನು ದಾಟಿ ಅಮೆರಿಕ ಸೇರಿದ್ದಾರೆ. ನರಸಾಪುರ ಮತ್ತು ವೇಮಗಲ್ ಕೈಗಾರಿಕಾ ಪ್ರದೇಶಗಳಲ್ಲಿ ಹೊರದೇಶದ ಬಂಡವಾಳದ ಕಾರ್ಖಾನೆಗಳು ನೆಲೆಯೂರಿವೆ. ಮುಂದಿನ ಉತ್ತರಗಳು ಸಾಮಾನ್ಯ ತಿಳಿವಳಿಕೆಗಾಗಿ. ನಿಮ್ಮದೇ ಪ್ರಕರಣವಿದ್ದರೆ ಕಾಗದಪತ್ರ ಹಿಡಿದುಕೊಂಡು ವಕೀಲರನ್ನು ಕಾಣಿರಿ.

ಕಾನೂನಿನ ದೃಷ್ಟಿಯಲ್ಲಿ ಯಾವುದು ವಿದೇಶಿ ಹಣ?

ಹಣ ಯಾವ ಊರಿನ ಬ್ಯಾಂಕಿನಿಂದ ಬಂತು ಎನ್ನುವುದಕ್ಕಿಂತ, ಕೊಟ್ಟವರು ಯಾವ ದೇಶದ ಪ್ರಜೆ ಎನ್ನುವುದನ್ನೇ ಕಾನೂನು ಮೊದಲು ಕೇಳುತ್ತದೆ. 2011ರ ಮೇ 1ರಿಂದ ಜಾರಿಯಲ್ಲಿರುವ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ಅಂದರೆ ಎಲ್ಲರೂ ಎಫ್‌ಸಿಆರ್‌ಎ ಎಂದು ಕರೆಯುವ ಕಾಯ್ದೆಯ ಪ್ರಕಾರ, ಬೇರೆ ದೇಶದ ಸರ್ಕಾರ, ಅಲ್ಲಿನ ಕಂಪನಿ, ಟ್ರಸ್ಟ್, ಸಂಘ ಸಂಸ್ಥೆ, ಕಾರ್ಮಿಕ ಸಂಘ ಮತ್ತು ಬೇರೆ ದೇಶದ ಪ್ರಜೆ ಇವೆಲ್ಲ ವಿದೇಶಿ ಮೂಲಗಳು. ಅಮೆರಿಕದ ಡಲ್ಲಾಸ್‌ನಲ್ಲಿದ್ದರೂ ಭಾರತದ ಪೌರತ್ವ ಉಳಿಸಿಕೊಂಡವರು ವಿದೇಶಿ ಮೂಲವಲ್ಲ. ಬಂಗಾರಪೇಟೆಯ ಹುಟ್ಟಿದ ಮನೆಯಲ್ಲೇ ಬಂದು ನೆಲೆಸಿದ್ದರೂ ಬೇರೆ ದೇಶದ ಪೌರತ್ವ ಪಡೆದವರು ವಿದೇಶಿ ಮೂಲವೇ.

ಯಾರು ಯಾರು ಇಂಥ ಹಣ ಪಡೆಯಬಾರದು? ಗ್ರಾಮ ಪಂಚಾಯಿತಿಗೂ ಇದು ಅನ್ವಯವೇ?

ಕಾಯ್ದೆಯ 3ನೇ ಕಲಮಿನ ಪ್ರಕಾರ ಚುನಾವಣೆಯ ಅಭ್ಯರ್ಥಿಗಳು, ಶಾಸನಸಭೆಯ ಸದಸ್ಯರು, ರಾಜಕೀಯ ಪಕ್ಷಗಳು ಮತ್ತು ಅವುಗಳ ಪದಾಧಿಕಾರಿಗಳು, ಸರ್ಕಾರಿ ನೌಕರರು, ನ್ಯಾಯಾಧೀಶರು, ಪತ್ರಿಕೆಗಳ ಮಾಲೀಕರು, ಸಂಪಾದಕರು ಮತ್ತು ವರದಿಗಾರರು ವಿದೇಶಿ ದೇಣಿಗೆಯನ್ನು ಪಡೆಯುವಂತಿಲ್ಲ. ಪಕ್ಷಗಳಿಗೆ ಇದೇ ನಿಷೇಧವನ್ನು 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 29ಬಿ ಕಲಮು ಇನ್ನೊಮ್ಮೆ ಹೇಳುತ್ತದೆ. ಇನ್ನು ಪಂಚಾಯಿತಿಯ ಮಾತು. ನಮ್ಮಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯಿಲ್ಲದೆ ನಡೆಯುವುದರಿಂದ ಈ ಕಾನೂನು ತಮಗೆ ಸಂಬಂಧಿಸಿದ್ದಲ್ಲ ಎಂದು ಬಹಳ ಮಂದಿ ನಂಬಿದ್ದಾರೆ. ಆದರೆ 2010ರ ಕಾಯ್ದೆಯು ಶಾಸನಸಭೆ ಎಂಬ ಪದಕ್ಕೆ ಕೊಟ್ಟಿರುವ ಅರ್ಥದೊಳಗೆ ಪಂಚಾಯಿತಿ ಮತ್ತು ನಗರಸಭೆಗಳೂ ಸೇರಿವೆ. ಹಾಗಾಗಿ ವಾರ್ಡಿನ ಅಭ್ಯರ್ಥಿಗೂ ಲೋಕಸಭೆಯ ಅಭ್ಯರ್ಥಿಗೂ ನಿಷೇಧ ಒಂದೇ. ಪಡೆದವರಿಗೂ, ಪಡೆಯಲು ನೆರವಾದವರಿಗೂ ಐದು ವರ್ಷದವರೆಗೆ ಸೆರೆವಾಸ ಅಥವಾ ದಂಡ ಅಥವಾ ಎರಡನ್ನೂ ವಿಧಿಸಬಹುದು.

ಅಮೆರಿಕದಲ್ಲಿರುವ ಚಿಕ್ಕಪ್ಪನ ಮಗ ಚುನಾವಣೆಯ ಖಾತೆಗೆ ಹಣ ಹಾಕಿದ್ದಾನೆ. ಅವನ ಬಳಿ ಒಸಿಐ ಕಾರ್ಡ್ ಇದೆ. ಅದು ಸಾಲದೇ?

ಸಾಲದು. ಈ ಪ್ರಶ್ನೆಯನ್ನು ನನಗೆ ಕೇಳಿದವರು ಒಬ್ಬ ಅಭ್ಯರ್ಥಿಯ ಅಣ್ಣ. ರಾತ್ರಿ ಒಂಬತ್ತೂವರೆಗೆ, ಇನ್ನೇನು ಬಾಗಿಲು ಹಾಕಬೇಕೆನ್ನುವಾಗ ಬಂದು, ಹೊಸ ಪಾಸ್‌ಬುಕ್ಕನ್ನು ಮೇಜಿನ ಮೇಲಿಟ್ಟರು. ಚುನಾವಣೆಗೆಂದೇ ತೆರೆದ ಖಾತೆಯಾದ್ದರಿಂದ ಅದರಲ್ಲಿ ಎರಡೇ ಸಾಲುಗಳಿದ್ದವು. ಮೊದಲನೆಯದು ಅಭ್ಯರ್ಥಿ ತಾನೇ ಕಟ್ಟಿದ ಹಣ, ಎರಡನೆಯದು ಎರಡೂವರೆ ಲಕ್ಷ ರೂಪಾಯಿ. ಆ ಹುಡುಗ ಇಲ್ಲೇ ಓದಿದವನು, ಅವನ ತಾಯಿ ಈಗಲೂ ಊರಿನಲ್ಲೇ ಇದ್ದಾರೆ, ಹಬ್ಬಕ್ಕೆ ತಪ್ಪದೆ ಬರುತ್ತಾನೆ ಎಂದು ಅವರು ಒಂದೊಂದಾಗಿ ಹೇಳುತ್ತಿದ್ದರು. ಪಾಸ್‌ಪೋರ್ಟ್ ಯಾವ ದೇಶದ್ದು ಎಂದು ಕೇಳಿದೆ. ಅದು ಅವರಿಗೆ ಗೊತ್ತಿರಲಿಲ್ಲ. ಅಲ್ಲಿಂದಲೇ ಕರೆ ಮಾಡಿ ಸ್ಪೀಕರ್‌ಗೆ ಹಾಕಿದರು. ಎರಡು ವರ್ಷದ ಹಿಂದೆ ಅಲ್ಲಿನ ಪೌರತ್ವದ ಪ್ರಮಾಣ ಸ್ವೀಕರಿಸಿದೆ ಎಂದ ಆತ, ತಕ್ಷಣವೇ, ‘ಒಸಿಐ ಮಾಡಿಸಿದ್ದೀನಲ್ಲ ಅಣ್ಣಯ್ಯ, ಅದೂ ನಮ್ಮ ಪೌರತ್ವವೇ ಅಲ್ವಾ?’ ಎಂದು ಕೇಳಿದ.

ಹೆಸರಿನಲ್ಲಿ ಭಾರತದ ಸಾಗರೋತ್ತರ ಪ್ರಜೆ ಎಂದಿರುವುದರಿಂದ ಈ ತಪ್ಪು ತಿಳಿವಳಿಕೆ ಸಹಜ. ಆದರೆ ಒಸಿಐ ಕಾರ್ಡು ಬದುಕಿರುವವರೆಗೆ ಬಂದುಹೋಗಲು ಸಿಗುವ ಅನುಮತಿಯೇ ಹೊರತು ಪೌರತ್ವವಲ್ಲ. ಕಾರ್ಡು ಹೊಂದಿದವರು ಇಲ್ಲಿ ಮತ ಹಾಕುವಂತಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ. ಸಂವಿಧಾನ ಎರಡು ದೇಶಗಳ ಪೌರತ್ವವನ್ನು ಒಪ್ಪದ ಕಾರಣ, ಅಲ್ಲಿನ ಪ್ರಮಾಣ ಸ್ವೀಕರಿಸಿದ ದಿನವೇ ಇಲ್ಲಿನ ಪೌರತ್ವ ಹೋಗಿರುತ್ತದೆ. ಆ ಹಣದ ಗತಿ ಏನಾಯಿತು ಎಂಬುದನ್ನು ಕೊನೆಯ ಉತ್ತರದಲ್ಲಿ ಹೇಳಿದ್ದೇನೆ.

ಒಡಹುಟ್ಟಿದವರೇ ಬೇರೆ ದೇಶದ ಪ್ರಜೆಯಾಗಿದ್ದರೆ?

ಇಲ್ಲಿ ಕಾಯ್ದೆ ಒಂದು ಕಿಂಡಿ ಬಿಟ್ಟಿದೆ. ಸಂಬಂಧಿಕರಿಂದ ಬಂದ ಹಣಕ್ಕೆ 3ನೇ ಕಲಮಿನ ನಿಷೇಧ ತಗಲುವುದಿಲ್ಲ ಎಂದು 4ನೇ ಕಲಮು ಹೇಳುತ್ತದೆ. ತಂದೆ ತಾಯಿ, ಗಂಡ ಹೆಂಡತಿ, ಮಕ್ಕಳು, ಅಣ್ಣತಮ್ಮ, ಅಕ್ಕತಂಗಿಯರು ಈ ಮಾತಿನೊಳಗೆ ಬರುತ್ತಾರೆ, ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು ಬರುವುದಿಲ್ಲ. ನಮ್ಮ ಕಡೆ ಚಿಕ್ಕಪ್ಪನ ಮಗನನ್ನೂ ತಮ್ಮನೆಂದೇ ಕರೆಯುವುದರಿಂದ ಇದನ್ನು ಒತ್ತಿ ಹೇಳಬೇಕಾಗಿದೆ. ಈ ವಿನಾಯಿತಿ ವ್ಯಕ್ತಿಗೆ ಮಾತ್ರ. ಪಕ್ಷಕ್ಕೆ ಅಣ್ಣನೂ ಇಲ್ಲ, ತಂಗಿಯೂ ಇಲ್ಲ. ಕಾನೂನು ಬಿಟ್ಟರೂ ಅಂಥ ಹಣವನ್ನು ಪ್ರಚಾರಕ್ಕೆ ಬಳಸದಿರುವುದೇ ಒಳ್ಳೆಯದೆಂದು ನಾನು ಹೇಳುತ್ತೇನೆ. ಬಳಸುವುದೇ ಆದರೆ ಬ್ಯಾಂಕಿನ ಮೂಲಕವೇ ಬರಬೇಕು, ವೆಚ್ಚದ ವಹಿಯಲ್ಲಿ ಕೊಟ್ಟವರ ಹೆಸರು ಸಹಿತ ಕಾಣಿಸಬೇಕು.

ಭಾರತದ ಪೌರತ್ವ ಉಳಿಸಿಕೊಂಡ ಅನಿವಾಸಿಗಳು ಏನೆಲ್ಲ ಮಾಡಬಹುದು?

ದುಡಿದ ಹಣವನ್ನು ಬ್ಯಾಂಕಿನ ಮೂಲಕ ಪಕ್ಷಕ್ಕೋ ಅಭ್ಯರ್ಥಿಗೋ ಕೊಡಬಹುದು. ನಮೂನೆ 6ಎ ತುಂಬಿ, ಪಾಸ್‌ಪೋರ್ಟಿನಲ್ಲಿರುವ ಊರಿನ ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಿಕೊಳ್ಳಬಹುದು. ಆದರೆ ಮತ ಹಾಕಲು ಪಾಸ್‌ಪೋರ್ಟ್ ಹಿಡಿದು ಸ್ವತಃ ಮತಗಟ್ಟೆಗೆ ಬರಬೇಕು. ತಮ್ಮ ಹಣದಿಂದ ಟಿಕೆಟ್ ಮಾಡಿಸಿ ಬಂದವರನ್ನು ಕೈಮುಗಿದು ಬರಮಾಡಿಕೊಳ್ಳೋಣ. ಅಭ್ಯರ್ಥಿಯೇ ಟಿಕೆಟ್ ಕೊಡಿಸಿದರೆ ಅದು ಮತಕ್ಕೆ ಕೊಟ್ಟ ಲಂಚವಾಗುತ್ತದೆ.

ನರಸಾಪುರದಲ್ಲಿರುವ ವಿದೇಶಿ ಕಂಪನಿ ಪಕ್ಷಕ್ಕೆ ದೇಣಿಗೆ ಕೊಡಬಹುದೇ?

ಕೊಡಬಹುದು ಎಂದು ಹೇಳಬೇಕಾಗಿರುವುದು ನನಗೆ ನೋವಿನ ಸಂಗತಿ. ಇದರ ಹಿನ್ನೆಲೆ ತಿಳಿದಿರಬೇಕು. ಬ್ರಿಟನ್ನಿನಲ್ಲಿ ನೋಂದಾಯಿತವಾದ ವೇದಾಂತ ಸಮೂಹದ ಅಧೀನದಲ್ಲಿದ್ದ ಇಲ್ಲಿನ ಕಂಪನಿಗಳು ಬಿಜೆಪಿಗೂ ಕಾಂಗ್ರೆಸ್ಸಿಗೂ ದೇಣಿಗೆ ನೀಡಿದ್ದವು. ಇದು ವಿದೇಶಿ ದೇಣಿಗೆಯ ಕಾನೂನಿನ ಉಲ್ಲಂಘನೆ ಎಂದು ದೆಹಲಿ ಹೈಕೋರ್ಟ್ 2014ರ ಮಾರ್ಚ್ 28ರಂದು ತೀರ್ಪಿತ್ತಿತು. ಬಂಡವಾಳದ ಅರ್ಧಕ್ಕಿಂತ ಹೆಚ್ಚು ಪಾಲು ಹೊರದೇಶದವರ ಕೈಯಲ್ಲಿದ್ದರೆ ಆ ಕಂಪನಿ ವಿದೇಶಿ ಮೂಲ ಎಂಬುದು ಆಗಿನ ನಿಯಮ. ಎರಡು ವರ್ಷದ ನಂತರ, 2016ರ ಹಣಕಾಸು ಕಾಯ್ದೆಯಲ್ಲಿ ಆ ಅರ್ಥವನ್ನೇ ಬದಲಾಯಿಸಲಾಯಿತು. ಹೂಡಿಕೆ ನಿಯಮಗಳು ಅನುಮತಿಸಿದ ಮಿತಿಯೊಳಗೆ ವಿದೇಶಿ ಬಂಡವಾಳವಿದ್ದರೆ ಭಾರತದಲ್ಲಿ ನೋಂದಾಯಿಸಿದ ಕಂಪನಿ ಇನ್ನು ವಿದೇಶಿ ಮೂಲವಲ್ಲ ಎಂದಾಯಿತು. 2018ರಲ್ಲಿ ಈ ಬದಲಾವಣೆಯನ್ನು 1976ರ ಆಗಸ್ಟ್ 5ರವರೆಗೆ ಹಿಂದಕ್ಕೆ ಎಳೆಯಲಾಯಿತು. ತೀರ್ಪು ಬಂದ ಮೇಲೆ, ಯಾವುದು ತಪ್ಪೆಂದು ತೀರ್ಮಾನವಾಗಿತ್ತೋ ಅದು ನಾಲ್ಕು ದಶಕದ ಹಿಂದಿನಿಂದಲೇ ತಪ್ಪಾಗಿರಲಿಲ್ಲ ಎಂದು ಬರೆದುಕೊಂಡಂತಾಯಿತು. ಎರಡು ದೊಡ್ಡ ಪಕ್ಷಗಳಿಗೂ ಇದರಿಂದ ಅನುಕೂಲವಿದ್ದುದರಿಂದ ದೊಡ್ಡ ದನಿಯ ವಿರೋಧವೂ ಕೇಳಲಿಲ್ಲ. ಕಾರ್ಖಾನೆಗಳಲ್ಲಿ ನೂರಕ್ಕೆ ನೂರು ವಿದೇಶಿ ಹೂಡಿಕೆಗೆ ಸಾಮಾನ್ಯವಾಗಿ ಅವಕಾಶವಿರುವುದರಿಂದ, ಪೂರ್ಣ ವಿದೇಶಿ ಒಡೆತನದ ಕಾರ್ಖಾನೆಯ ಇಲ್ಲಿನ ಕಂಪನಿಯೂ ದೇಣಿಗೆ ನೀಡಲು ಇಂದು ಅರ್ಹ.

ಬ್ಯಾಂಕಿನಲ್ಲಿ ಕೊಂಡು ಪಕ್ಷಗಳಿಗೆ ಕೊಡಬಹುದಾಗಿದ್ದ ಚುನಾವಣಾ ಬಾಂಡುಗಳು ಜಾರಿಯಲ್ಲಿದ್ದಾಗ ಈ ದಾರಿ ಕತ್ತಲೆಯ ದಾರಿಯೂ ಆಗಿತ್ತು, ಏಕೆಂದರೆ ಕೊಟ್ಟವರ ಹೆಸರು ಮತದಾರರಿಗೆ ತಿಳಿಯುತ್ತಿರಲಿಲ್ಲ. ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ಫೆಬ್ರುವರಿ 15ರಂದು ಬಾಂಡು ಯೋಜನೆಯನ್ನು ಅಸಾಂವಿಧಾನಿಕವೆಂದು ರದ್ದುಪಡಿಸಿತು. ಲಾಭದ ಇಂತಿಷ್ಟು ಪಾಲನ್ನು ಮಾತ್ರ ಕೊಡಬೇಕೆಂಬ ಮಿತಿಯನ್ನು 2017ರಲ್ಲಿ ತೆಗೆದುಹಾಕಿದ್ದನ್ನೂ ಅದೇ ತೀರ್ಪು ಒಪ್ಪಲಿಲ್ಲ. ಹಾಗಾಗಿ ಈಗ ಕಂಪನಿ ಕೊಡುವುದೆಲ್ಲ ಹೆಸರು ಸಹಿತ ಲೆಕ್ಕಕ್ಕೆ ಬರಬೇಕು.

ಇದಕ್ಕೆ ಹೊಂದಿಕೊಂಡ ಇನ್ನೊಂದು ಸಂಗತಿಯಿದೆ. ಸಾಮಾಜಿಕ ಹೊಣೆಗಾರಿಕೆಯ ಹೆಸರಿನಲ್ಲಿ, ಅಂದರೆ ಸಿಎಸ್‌ಆರ್ ನಿಧಿಯಿಂದ, ಕಾರ್ಖಾನೆಗಳು ಶಾಲೆಗೆ ಬೆಂಚು, ಊರಿಗೆ ಶುದ್ಧ ನೀರಿನ ಘಟಕ ಕೊಡುತ್ತವೆ. ಪಕ್ಷಕ್ಕೆ ನೇರವಾಗಿಯಾಗಲಿ ಸುತ್ತುಬಳಸಿಯಾಗಲಿ ಆ ನಿಧಿಯ ಹಣ ಹೋಗಬಾರದೆಂಬ ನಿಯಮ ಸ್ಪಷ್ಟವಾಗಿದೆ. ಆದರೆ ಚುನಾವಣೆಗೆ ಎರಡು ತಿಂಗಳಿರುವಾಗ ಘಟಕದ ಮುಂದೆ ಟಿಕೆಟ್ ಆಕಾಂಕ್ಷಿಯ ಆಳೆತ್ತರದ ಫ್ಲೆಕ್ಸ್ ನಿಂತರೆ, ನೀರು ಕೊಟ್ಟವರು ಯಾರೆಂದು ಬಿಂದಿಗೆ ಹಿಡಿದ ಹೆಂಗಸರು ತಿಳಿದುಕೊಳ್ಳುತ್ತಾರೆ? ಆ ಫ್ಲೆಕ್ಸನ್ನು ಕಟ್ಟಲು ಬಿಟ್ಟ ಕಂಪನಿಯೂ ಆ ತಪ್ಪಿನಲ್ಲಿ ಪಾಲುದಾರ ಎಂಬುದು ನನ್ನ ಅಭಿಪ್ರಾಯ.

ಹಣವಲ್ಲ, ಬರೀ ಕೆಲಸ ಮಾಡಿಕೊಟ್ಟರೆ? ವಿಡಿಯೊ, ಪೋಸ್ಟರ್, ವಾಟ್ಸ್‌ಆ್ಯಪ್ ಸಂದೇಶ?

ಕಾಯ್ದೆಯು ವಿದೇಶಿ ದೇಣಿಗೆ ಎನ್ನುವಾಗ ವಸ್ತು, ಹಣ ಮತ್ತು ಷೇರಿನಂಥ ಪತ್ರಗಳನ್ನು ಹೆಸರಿಸುತ್ತದೆ. ಸೇವೆ ಎಂಬ ಪದ ಅಲ್ಲಿಲ್ಲ. ಹೊರದೇಶದ ಪ್ರಜೆಯೊಬ್ಬರು ರಾತ್ರಿ ಕುಳಿತು ಉಚಿತವಾಗಿ ವಿಡಿಯೊ ಮಾಡಿಕೊಟ್ಟರೆ ಅದು ನೇರವಾಗಿ ಈ ಕಾಯ್ದೆಯ ಬಲೆಗೆ ಬೀಳುವುದಿಲ್ಲ. ಆದರೆ ಅಭ್ಯರ್ಥಿಯ ಒಪ್ಪಿಗೆಯಿಂದ ನಡೆದ ಕೆಲಸಕ್ಕೆ ಮಾರುಕಟ್ಟೆಯಲ್ಲಿ ಬೆಲೆಯಿದ್ದರೆ, ಆ ಬೆಲೆಯನ್ನು ಅವರ ವೆಚ್ಚದ ಲೆಕ್ಕದಲ್ಲಿ ತೋರಿಸಬೇಕು. ವಿಧಾನಸಭೆಯ ಅಭ್ಯರ್ಥಿಗೆ 40 ಲಕ್ಷ, ಲೋಕಸಭೆಯ ಅಭ್ಯರ್ಥಿಗೆ 95 ಲಕ್ಷ ರೂಪಾಯಿಯ ಮಿತಿ 2022ರಿಂದ ನಮ್ಮ ರಾಜ್ಯದಲ್ಲಿದೆ. ಅಭ್ಯರ್ಥಿಯ ಒಪ್ಪಿಗೆಯಿಲ್ಲದೆ ಮೂರನೆಯವರು ಅವರಿಗಾಗಿ ಖರ್ಚು ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 176ನೇ ಕಲಮಿನ ಪ್ರಕಾರ ಅಪರಾಧ. ಒಪ್ಪಿಗೆ ಕೊಟ್ಟರೆ ಲೆಕ್ಕಕ್ಕೆ ಬರಬೇಕು, ಕೊಡದಿದ್ದರೆ ಮಾಡಿದವರು ಸಿಕ್ಕಿಬೀಳುತ್ತಾರೆ. ಈ ಎರಡರ ನಡುವೆ ನುಸುಳಲು ಜಾಗವಿಲ್ಲ.

ಫೇಸ್‌ಬುಕ್ಕಿನಲ್ಲಿ ಹಣ ಕೊಟ್ಟು ಹಾಕಿಸುವ ರಾಜಕೀಯ ಜಾಹೀರಾತಿಗೆ, ಹಾಕಿಸುವವರು ತಮ್ಮ ಗುರುತನ್ನೂ ಭಾರತದಲ್ಲಿರುವ ವಿಳಾಸವನ್ನೂ ದೃಢಪಡಿಸಬೇಕೆಂಬ ನಿಯಮ 2019ರಿಂದ ಇದೆ. ‘ನೀವು ಬಿಡಿ, ಇಲ್ಲಿಂದಲೇ ನಾನು ಬೂಸ್ಟ್ ಮಾಡುತ್ತೇನೆ’ ಎನ್ನುವ ಹೊರದೇಶದ ಗೆಳೆಯರು ಇಲ್ಲಿನ ಯಾರದೋ ಗುರುತಿನ ಚೀಟಿಯನ್ನು ಬಳಸಿದರೆ, ಆ ಚೀಟಿಯ ಹುಡುಗನೇ ಮೊದಲು ಠಾಣೆಯ ಮೆಟ್ಟಿಲು ಹತ್ತಬೇಕಾಗುತ್ತದೆ. ಚೀಟಿ ಕೊಟ್ಟ ಹುಡುಗರ ತಾಯಂದಿರು ಬಂದು ಅತ್ತದ್ದನ್ನು ನೋಡಿದ್ದೇನೆ. ದಯವಿಟ್ಟು ನಿಮ್ಮ ಆಧಾರ್ ಪ್ರತಿಯನ್ನು ಯಾರಿಗೂ ಪ್ರಚಾರಕ್ಕೆಂದು ಕೊಡಬೇಡಿ.

ಅಪರಿಚಿತರ ಕೈವಾಡದ ಮಾತು ಬರೀ ಊಹೆಯಲ್ಲ. ಇಸ್ರೇಲಿನ ಸ್ಟಾಯಿಕ್ ಎಂಬ ಕಂಪನಿ ನಮ್ಮ 2024ರ ಲೋಕಸಭಾ ಚುನಾವಣೆಯ ಬಗ್ಗೆ ಕೃತಕ ಬುದ್ಧಿಮತ್ತೆಯಿಂದ ಬರಹಗಳನ್ನು ತಯಾರಿಸಲು ಹೊರಟಿದ್ದನ್ನು ತಡೆದೆವೆಂದು, ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ಸಂಸ್ಥೆ ಅದೇ ವರ್ಷದ ಮೇ ತಿಂಗಳಲ್ಲಿ ಪ್ರಕಟಿಸಿತು. ಕೃತಕವಾಗಿ ಸೃಷ್ಟಿಸಿದ ನಕಲಿ ವಿಡಿಯೊಗಳು ಗಮನಕ್ಕೆ ಬಂದ ಮೂರು ಗಂಟೆಯೊಳಗೆ ಪಕ್ಷಗಳು ಅವನ್ನು ತೆಗೆಯಬೇಕೆಂದು ಚುನಾವಣಾ ಆಯೋಗವೂ ಆಗ ಸೂಚಿಸಿತ್ತು.

ಹೊರದೇಶದ ಪ್ರಜೆ ಊರಿಗೆ ಬಂದಾಗ ಶಾಲು ಹೊದ್ದು ಮನೆಮನೆಗೆ ಹೋಗಬಹುದೇ?

ವೀಸಾ ಪಡೆದು ಬಂದವರು ಖಂಡಿತ ಹೋಗಬಾರದು. 2019ರ ಏಪ್ರಿಲ್‌ನಲ್ಲಿ ಬಾಂಗ್ಲಾದೇಶದ ನಟ ಫಿರ್ದೌಸ್ ಅಹ್ಮದ್ ಪಶ್ಚಿಮ ಬಂಗಾಳದ ರಾಯಗಂಜ್‌ನಲ್ಲಿ ಪ್ರಚಾರದ ಮೆರವಣಿಗೆಯಲ್ಲಿ ಕಾಣಿಸಿಕೊಂಡರು. ಗೃಹ ಸಚಿವಾಲಯ ಅವರ ವೀಸಾ ರದ್ದುಪಡಿಸಿ ದೇಶ ಬಿಡಲು ಸೂಚಿಸಿತು, ಕಪ್ಪುಪಟ್ಟಿಗೂ ಸೇರಿಸಿತು. ಒಸಿಐ ಕಾರ್ಡಿನವರು ಹಬ್ಬಕ್ಕೆ ಬಂದವರಂತೆ ಬಂದು, ಮನೆಯವರೊಂದಿಗೆ ರಾಜಕೀಯದ ಮಾತನಾಡಿ ಹೋದರೆ ಯಾರ ಅಡ್ಡಿಯೂ ಇಲ್ಲ. ವೇದಿಕೆ ಹತ್ತಬೇಡಿ ಎನ್ನುವುದು ಅವರಿಗೆ ನನ್ನ ಸಲಹೆ.

ಹೊರದೇಶದ ಸಲಹಾ ಸಂಸ್ಥೆಯನ್ನು ಹಣ ಕೊಟ್ಟು ನೇಮಿಸಿಕೊಂಡರೆ?

ಇಲ್ಲಿಂದ ಹಣ ಹೋಗುವುದರಿಂದ ಅದು ದೇಣಿಗೆಯಲ್ಲ. ಮಾರುಕಟ್ಟೆಯ ದರ ಕೊಟ್ಟು ಲೆಕ್ಕ ತೋರಿಸಿದರೆ ತಡೆಯುವ ಕಾನೂನಿಲ್ಲ. ಪ್ರಶ್ನೆ ಇರುವುದು ಮತದಾರರ ಮಾಹಿತಿಯ ಬಗ್ಗೆ. ಬ್ರಿಟನ್ನಿನ ಚುನಾವಣಾ ಸಲಹಾ ಸಂಸ್ಥೆಯಾದ ಕೇಂಬ್ರಿಡ್ಜ್ ಅನಲಿಟಿಕಾದ ಹಗರಣ 2018ರಲ್ಲಿ ಹೊರಬಿದ್ದಾಗ, ಭಾರತದ 5.62 ಲಕ್ಷ ಬಳಕೆದಾರರ ಮಾಹಿತಿ ಅದರ ಕೈಸೇರಿರಬಹುದೆಂದು ಫೇಸ್‌ಬುಕ್ ಒಪ್ಪಿಕೊಂಡಿತು. ಬೂತ್ ಮಟ್ಟದಲ್ಲಿ ಜಾತಿ, ಫೋನ್ ನಂಬರು, ಯಾರ ಮನೆಗೆ ಯಾವ ಯೋಜನೆಯ ಹಣ ಬರುತ್ತದೆ ಎಂದೆಲ್ಲ ಬರೆದ ಪಟ್ಟಿಯನ್ನು ಕಡಲಾಚೆಯವರ ಕೈಗೆ ಕೊಡುವುದು ಅಕ್ರಮವೋ ಅಲ್ಲವೋ ಎಂದು ಕೇಳುವ ಮೊದಲು, ಆ ಮನೆಯವರು ಅದಕ್ಕೆ ಒಪ್ಪಿದ್ದರೇ ಎಂದು ಕೇಳಬೇಕು.

ಅಮೆರಿಕದ ಕನ್ನಡ ಸಂಘ ಶಾಸಕರನ್ನು ಸಮ್ಮೇಳನಕ್ಕೆ ಕರೆದು ಖರ್ಚು ಭರಿಸಬಹುದೇ?

ಕೇಂದ್ರ ಗೃಹ ಸಚಿವಾಲಯದ ಮುಂಗಡ ಅನುಮತಿ ಇದ್ದರೆ ಮಾತ್ರ. ಎಫ್‌ಸಿಆರ್‌ಎ ಕಾಯ್ದೆಯ 6ನೇ ಕಲಮಿನ ಪ್ರಕಾರ ಶಾಸಕರು, ಸಂಸದರು ಮತ್ತು ಪಕ್ಷದ ಪದಾಧಿಕಾರಿಗಳು ಅನುಮತಿಯಿಲ್ಲದೆ ಹೊರದೇಶದವರ ಆತಿಥ್ಯ ಪಡೆಯುವಂತಿಲ್ಲ. ಅಲ್ಲಿ ಹಠಾತ್ತನೆ ಕಾಯಿಲೆ ಬಿದ್ದಾಗ ಪಡೆದ ಚಿಕಿತ್ಸೆಗೆ ವಿನಾಯಿತಿಯಿದೆ, ಅದನ್ನೂ ಒಂದು ತಿಂಗಳೊಳಗೆ ತಿಳಿಸಬೇಕು.

ನೀರಾವರಿ ಹೋರಾಟಕ್ಕೆ ಬೆಂಬಲ ಕೊಡುವ ಸಂಸ್ಥೆಗೆ ವಿದೇಶಿ ದೇಣಿಗೆ ಬಂದರೆ ಅದು ರಾಜಕೀಯವೇ?

ಕೋಲಾರ ಮತ್ತು ಚಿಕ್ಕಬಳ್ಳಾಪುರದಲ್ಲಿ ಶಾಶ್ವತ ನೀರಾವರಿಗಾಗಿ ಕುಳಿತವರನ್ನು ‘ವಿದೇಶಿ ಹಣ ತಿಂದವರು’ ಎಂದು ಕರೆಯುವುದನ್ನು ಕೇಳಿ ಕೇಳಿ ನನಗೆ ಬೇಸರವಾಗಿದೆ. ಆದ್ದರಿಂದ ಈ ಉತ್ತರವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ರಾಜಕೀಯ ಸ್ವರೂಪದ ಸಂಸ್ಥೆಗಳು ವಿದೇಶಿ ದೇಣಿಗೆ ಪಡೆಯುವಂತಿಲ್ಲ ಎಂಬುದು ನಿಜ. ಬಂದ್, ರಸ್ತೆ ತಡೆ ಮುಂತಾದವನ್ನು ನಡೆಸುವ ಸಂಸ್ಥೆಯನ್ನೂ ಹಾಗೆಂದು ಘೋಷಿಸಬಹುದು ಎಂದು ನಿಯಮಗಳು ಹೇಳುತ್ತಿದ್ದವು. 2020ರ ಮಾರ್ಚ್ 6ರಂದು ಸುಪ್ರೀಂ ಕೋರ್ಟ್ ಆ ನಿಯಮದ ವ್ಯಾಪ್ತಿಯನ್ನು ಮೊಟಕುಗೊಳಿಸಿ, ಪಕ್ಷ ರಾಜಕಾರಣದೊಂದಿಗೆ ನಂಟಿಲ್ಲದೆ ಜನರ ಬೇಡಿಕೆಗಾಗಿ ಹೋರಾಡುವವರನ್ನು ಈ ಕಾರಣಕ್ಕೆ ಶಿಕ್ಷಿಸಬಾರದೆಂದು ಹೇಳಿತು. ಅದೇ ವರ್ಷದ ತಿದ್ದುಪಡಿಯ ನಂತರ ಎಫ್‌ಸಿಆರ್‌ಎ ಹಣ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಅದನ್ನು ಇನ್ನೊಂದು ಸಂಸ್ಥೆಗೆ ಹಂಚುವಂತಿಲ್ಲ. ಇಷ್ಟೆಲ್ಲ ಕಣ್ಗಾವಲು ಇರುವಾಗ, ಆರೋಪ ಮಾಡುವವರು ದಾಖಲೆ ತೋರಿಸಬೇಕು. ಮೊದಲ ಎಫ್‌ಸಿಆರ್‌ಎ ಬಂದದ್ದು 1976ರಲ್ಲಿ, ತುರ್ತುಪರಿಸ್ಥಿತಿಯ ನಡುವೆ ಎಂಬುದನ್ನು ಮರೆಯಬಾರದು. ವಿದೇಶಿ ಕೈವಾಡ ಎಂಬ ಮಾತು ನಿಜವಾದ ಅಪಾಯವನ್ನೂ ಸೂಚಿಸಬಹುದು, ಊರಿನವರ ಬಾಯಿ ಮುಚ್ಚಿಸುವುದಕ್ಕೂ ಬಳಕೆಯಾಗಬಹುದು.

ಹೊರದೇಶದಲ್ಲಿರುವ ನಮ್ಮ ಮಕ್ಕಳು ಅಲ್ಲಿನ ಚುನಾವಣೆಗೆ ದೇಣಿಗೆ ಕೊಡಬಹುದೇ?

ದೇಶಕ್ಕೊಂದು ನಿಯಮವಿದೆ. ಅಮೆರಿಕದಲ್ಲಿ ಅಲ್ಲಿನ ಪ್ರಜೆಗಳೂ ಗ್ರೀನ್ ಕಾರ್ಡ್ ಪಡೆದವರೂ ಕೊಡಬಹುದು; ಎಚ್‌1ಬಿ ಎಂಬ ಕೆಲಸದ ವೀಸಾದಲ್ಲಿರುವವರು ಒಂದು ಡಾಲರನ್ನೂ ಕೊಡುವಂತಿಲ್ಲ. ಸಂಬಳವಿಲ್ಲದೆ ಸ್ವಯಂಸೇವಕರಾಗಿ ದುಡಿಯಬಹುದು, ಆದರೆ ಹಣ ಹೇಗೆ ಖರ್ಚಾಗಬೇಕೆಂಬ ತೀರ್ಮಾನದಲ್ಲಿ ಕೂರುವಂತಿಲ್ಲ. ಬ್ರಿಟನ್ನಿನಲ್ಲಿ ನೆಲೆಸಿದ ಭಾರತೀಯರು ಕಾಮನ್‌ವೆಲ್ತ್ ಪ್ರಜೆಗಳಾದ್ದರಿಂದ ಮತದಾರರ ಪಟ್ಟಿಗೆ ಸೇರಬಹುದು, ಸೇರಿದ ಮೇಲೆ ದೇಣಿಗೆಯನ್ನೂ ಕೊಡಬಹುದು. ಇಲ್ಲಿನ ಪಕ್ಷದ ಪರವಾಗಿ ಅಮೆರಿಕದಲ್ಲಿ ಕೆಲಸ ಮಾಡುವವರು 1938ರ ವಿದೇಶಿ ಏಜೆಂಟರ ನೋಂದಣಿ ಕಾಯ್ದೆಯನ್ನೂ ಗಮನಿಸಬೇಕು. ಬಿಜೆಪಿಯ ಅಲ್ಲಿನ ಬೆಂಬಲಿಗರ ಸಂಘಟನೆ 2020ರಲ್ಲಿ ಅದರಡಿ ನೋಂದಾಯಿಸಿಕೊಂಡಿದೆ.

ಹುಟ್ಟಿದ ಊರಿನ ಮೇಲಿನ ಪ್ರೀತಿಯಿಂದ ಕೊಡುವುದರಲ್ಲಿ ತಪ್ಪೇನಿದೆ?

ಪ್ರೀತಿಯಲ್ಲಿ ತಪ್ಪಿಲ್ಲ. ಶಾಲೆಗೆ ಕೊಡಿ, ದೇವಸ್ಥಾನದ ಜೀರ್ಣೋದ್ಧಾರಕ್ಕೆ ಕೊಡಿ, ಕೆರೆಯ ಹೂಳೆತ್ತಲು ಕೊಡಿ. ಸಂಸ್ಥೆಯ ಮೂಲಕ ಕೊಡುವುದಾದರೆ ಅದಕ್ಕೂ ಎಫ್‌ಸಿಆರ್‌ಎ ನೋಂದಣಿ ಇರಬೇಕು. ಚುನಾವಣೆ ಮಾತ್ರ ಬೇರೆ ವಿಷಯ.

ನಮ್ಮ ಜಿಲ್ಲೆಯ ಒಂದು ಸಂಗತಿಯಿಂದ ಇದನ್ನು ವಿವರಿಸುತ್ತೇನೆ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ ಹರಿಸಿದ ಆ ನೀರಿನಿಂದ ಕೊಳವೆ ಬಾವಿಗಳು ಮತ್ತೆ ಮೈದುಂಬಿದವೆಂದು ಸಂತೋಷಪಟ್ಟವರಿದ್ದಾರೆ. ಮೂರನೇ ಹಂತದ ಶುದ್ಧೀಕರಣವಿಲ್ಲದೆ ಬೇಡವೆಂದು ಬೀದಿಗಿಳಿದವರಿದ್ದಾರೆ. ಇದರಲ್ಲಿ ಯಾರ ಮಾತು ನಿಲ್ಲಬೇಕೆಂಬುದನ್ನು ಚುನಾವಣೆ ತೀರ್ಮಾನಿಸುತ್ತದೆ. ಆ ತೀರ್ಮಾನ ತಪ್ಪಾದರೆ ಅದೇ ಬಾವಿಯ ನೀರನ್ನು ಕುಡಿಯುವವರು, ಅದೇ ನೀರಿನಲ್ಲಿ ಟೊಮೆಟೊ ಬೆಳೆದು ಎಪಿಎಂಸಿಗೆ ಒಯ್ಯುವವರು ಇಲ್ಲಿಯವರು. ಬೇರೊಂದು ದೇಶಕ್ಕೆ ನಿಷ್ಠೆಯ ಪ್ರಮಾಣ ಮಾಡಿದವರು, ಎಷ್ಟೇ ಒಳ್ಳೆಯವರಾದರೂ, ಆ ಫಲವನ್ನು ಉಣ್ಣುವವರಲ್ಲ. ಅವರು ಅಭಿಪ್ರಾಯ ಹೇಳಲಿ, ಲೇಖನ ಬರೆಯಲಿ, ತಾಯಿಗೆ ಫೋನು ಮಾಡಿ ವಾದ ಮಾಡಲಿ. ಅದು ಅವರ ಹಕ್ಕು, ನಮಗೂ ಅದರಿಂದ ಲಾಭ. ಆದರೆ ಯಾವ ಅಭ್ಯರ್ಥಿಯ ದನಿಗೆ ಮೈಕು ಸಿಗಬೇಕು ಎಂಬುದನ್ನು ಅವರ ಹಣ ನಿರ್ಧರಿಸಬಾರದು. ಎದುರಾಳಿಯಾಗಿ ನಿಂತ ರೈತನಿಗೆ ಡಲ್ಲಾಸ್‌ನಲ್ಲಿ ತಮ್ಮನಿಲ್ಲದಿರುವುದು ಅವನ ತಪ್ಪಲ್ಲ.

ತಿಳಿಯದೆ ಹಣ ಬಂದುಬಿಟ್ಟರೆ ಏನು ಮಾಡಬೇಕು? ಬೇರೆಯವರು ಪಡೆದದ್ದು ಗೊತ್ತಾದರೆ ಯಾರಿಗೆ ತಿಳಿಸಬೇಕು?

ಬೇರೆಯವರ ವಿಷಯವಾದರೆ, ದಾಖಲೆ ಸಹಿತ ಚುನಾವಣಾಧಿಕಾರಿಗೆ ಅಥವಾ ಕ್ಷೇತ್ರದ ವೆಚ್ಚ ವೀಕ್ಷಕರಿಗೆ ಬರೆದುಕೊಡಿ. ಎಫ್‌ಸಿಆರ್‌ಎ ಉಲ್ಲಂಘನೆಯ ದೂರು ಕೇಂದ್ರ ಗೃಹ ಸಚಿವಾಲಯಕ್ಕೆ ಹೋಗಬೇಕು. ಸುಳ್ಳು ದೂರು ಕೊಟ್ಟು ಯಾರ ಮಾನವನ್ನೂ ಕಳೆಯಬೇಡಿ.

ನಿಮ್ಮದೇ ಖಾತೆಗೆ ಬಂದಿದ್ದರೆ, ಒಂದು ರೂಪಾಯಿಯನ್ನೂ ಮುಟ್ಟದೆ, ಬಂದ ದಾರಿಯಲ್ಲೇ ಕೂಡಲೇ ಹಿಂದಿರುಗಿಸಿ, ಬ್ಯಾಂಕಿನಿಂದ ಪತ್ರ ಪಡೆಯಿರಿ, ಬಂದದ್ದನ್ನೂ ಹೋದದ್ದನ್ನೂ ವೆಚ್ಚದ ವಹಿಯಲ್ಲಿ ಬರೆಯಿರಿ. ಫಲಿತಾಂಶದ ನಂತರ 30 ದಿನದೊಳಗೆ ಸಲ್ಲಿಸುವ ಲೆಕ್ಕದಲ್ಲಿ ಅದನ್ನು ಮುಚ್ಚಿಡಬೇಡಿ. ಆ ರಾತ್ರಿ ಪಾಸ್‌ಬುಕ್ ತಂದವರೂ ಹಾಗೆಯೇ ಮಾಡಿದರು. ಮರುದಿನ ಬೆಳಿಗ್ಗೆ ಬ್ಯಾಂಕಿನ ಬಾಗಿಲು ತೆರೆಯುವ ಹೊತ್ತಿಗೇ ಅಣ್ಣತಮ್ಮಂದಿರಿಬ್ಬರೂ ಅಲ್ಲಿ ನಿಂತಿದ್ದರು. ಹಣ ಕಳಿಸಿದ್ದ ಡಲ್ಲಾಸಿನ ಹುಡುಗ ಮೊದಲು ಬೇಸರಿಸಿಕೊಂಡು, ಆಮೇಲೆ ತನ್ನ ತಾಯಿಗೆ ಫೋನು ಮಾಡಿ, ಯಾರಿಗೆ ಮತ ಹಾಕಬೇಕೆಂದು ಅರ್ಧ ಗಂಟೆ ಹೇಳಿದನಂತೆ. ಎಲ್ಲವನ್ನೂ ಕೇಳಿದ ಆ ತಾಯಿ, ಬೂತಿಗೆ ಹೋಗುವವಳು ನಾನಪ್ಪ, ನೋಡಿ ಹಾಕುತ್ತೇನೆ ಎಂದು ಫೋನಿಟ್ಟರೆಂದು ಅಭ್ಯರ್ಥಿಯ ಅಣ್ಣ ನನಗೆ ಹೇಳಿದರು.